ಕೆಮ್ಮಲ್ಲ, ಗೂರಲು

ಜನವರಿ 5, ಸೋಮವಾರ

ಸೊನ್ನೆ! ಈ ವರ್ಷವೂ ಸೊನ್ನೆ!

ನಮ್ಮ ಹೊಂಗೆಕೊಪ್ಪಲಿನ ಇನ್ನೂರ ಹದಿನಾಲ್ಕು ಮನೆಗಳಲ್ಲಿ ಒಂದನ್ನೂ ಬಿಡದೆ ಕ್ಷಯದ ಸಮೀಕ್ಷೆ ಮುಗಿಸಿದೆ. ಚಪ್ಪಲಿ ಎರಡು ಸಲ ಕಿತ್ತುಹೋಯಿತು, ಹೋಗಲಿ. ಪ್ರತಿ ಬಾಗಿಲಲ್ಲೂ ನಿಂತು, ಹಾಳೆಯಲ್ಲಿ ಅಚ್ಚಾಗಿರುವುದನ್ನು ಒಂದಕ್ಷರ ಹೆಚ್ಚುಕಮ್ಮಿ ಮಾಡದೆ ಓದಿದ್ದೇನೆ: "ತಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರಗಳಿಗಿಂತ ಹೆಚ್ಚು ಕಾಲದಿಂದ ಕೆಮ್ಮು ಇದೆಯೇ?" ಅಷ್ಟೂ ಮನೆಯದ್ದು ಒಂದೇ ಉತ್ತರ. ಇಲ್ಲ, ಇಲ್ಲ, ಇಲ್ಲ.

ಬೇರೆ ಊರಿನ ಆಶಾಗಳು "ಕೆಮ್ಮು ಗಿಮ್ಮು ಏನಾರ ಅದಾ" ಎಂದು ಬೀದಿಯಿಂದಲೇ ಕೂಗಿಕೊಂಡು ಓಡುತ್ತಾರೆ. ನಾನು ಹಾಗಲ್ಲ. ಪಿಯುಸಿಯಲ್ಲಿ ಕನ್ನಡಕ್ಕೆ ಎಂಬತ್ತೆಂಟು ತೆಗೆದವಳು. ಆಶಾ ಕಾರ್ಯಕರ್ತೆಯಾಗಿ ಹದಿನೈದು ವರ್ಷವಾಯಿತು. ಸರ್ಕಾರದ ಮಾತನ್ನು ಸರ್ಕಾರದ ಹಾಗೆಯೇ ಆಡಬೇಕು ಎಂದು ತಿಳಿದವಳು. ಪಾರ್ವತಮ್ಮ ಬಾಗಿಲಲ್ಲಿ ನಿಂತರೆ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ.

ಪಂಚಾಯಿತಿ ಆಫೀಸಿನ ಗೂಡಿನಲ್ಲಿ ಎರಡು ಗಾಂಧಿ ಪ್ರತಿಮೆಗಳಿವೆ, ಕ್ಷಯಮುಕ್ತ ಪಂಚಾಯಿತಿ ಎಂದು ಕೊಟ್ಟಿದ್ದು. ಮೊದಲನೆಯದು ಕಂಚಿನ ಬಣ್ಣ, ಎರಡನೆಯದು ಬೆಳ್ಳಿ. ಈ ಮಾರ್ಚಿಗೆ ಚಿನ್ನದ ಬಣ್ಣದ್ದು ಬರಬೇಕು. ಪಂಚಾಯಿತಿಯ ಮಿಕ್ಕ ಊರುಗಳಲ್ಲಿ ನಾಲ್ಕು ಜನ ರೋಗಿಗಳಿದ್ದಾರೆ, ಪ್ರಶಸ್ತಿಗೆ ಇರುವ ಮಿತಿಯೂ ಅಷ್ಟೇ. ಅಂದರೆ ಎಲ್ಲರ ಮರ್ಯಾದೆಯೂ ನಮ್ಮ ಕೊಪ್ಪಲಿನ ಸೊನ್ನೆಯ ಮೇಲೆ ನಿಂತಿದೆ. ಅಧ್ಯಕ್ಷರಾದ ಧರ್ಮೇಂದ್ರ ಭಾವ, ನಮ್ಮವರ ದೊಡ್ಡಪ್ಪನ ಮಗ, ಈಗಲೇ ಗೂಡಿನಲ್ಲಿ ಮೂರನೆಯದಕ್ಕೆ ಜಾಗ ಬಿಡಿಸಿ ಬಣ್ಣ ಬಳಿಸಿದ್ದಾರೆ.

ನಮ್ಮ ಮನೆಯನ್ನು ನಾನೇ ಕೇಳಿಕೊಳ್ಳುವುದೇನಿದೆ? ಅತ್ತೆಯ ಹೆಸರಿನ ಮುಂದೆ "ಇಲ್ಲ" ಎಂದು ಬರೆದುಕೊಂಡೆ. ಅವರಿಗೆ ಉಬ್ಬಸವಿದೆ, ಆದರೆ ಅದು ಬೇರೆ. ಅವರು ಅದನ್ನು ಗೂರಲು ಎನ್ನುತ್ತಾರೆ. ಗೂರಲಂತೆ ಗೂರಲು! ಉಬ್ಬಸ ಅನ್ನಿ, ಇಲ್ಲವೇ ಅಸ್ತಮಾ ಅನ್ನಿ ಎಂದು ಹೇಳಿಕೊಟ್ಟು ನನ್ನ ಬಾಯಿ ನೋವು ಬಂದಿದೆ.

"ನಮ್ಮವ್ವನೂವೆ ಗೂರಲು ಅಂತಿದ್ಲು, ನಮ್ಮಜ್ಜಿನೂವೆ ಗೂರಲು ಅಂತಿದ್ಲು. ನಿನ್ ಆಸ್ಪತ್ರೆ ಬಂದೇಟ್ಗೆ ಎಸ್ರು ಬದ್ಲಾಗ್ಬುಡ್ತಾ?" ಎಂದರು.

ಈ ಜನರನ್ನು ತಿದ್ದುವುದು ನನ್ನಿಂದಾಗುವುದಿಲ್ಲ.

ಜನವರಿ 15, ಗುರುವಾರ, ಸಂಕ್ರಾಂತಿ

ಎಳ್ಳು ಬೀರಿ ಬರುವಾಗ ನಾಲೆ ಏರಿಯ ಮೇಲಿನ ಆಲೆಮನೆಗೆ ಹೋದೆ. ದ್ಯಾವಯ್ಯ ಒಲೆಯ ಬಾಯಿ ಮುಂದೆ ಕೂತು ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ. ಇಪ್ಪತ್ತೈದು ವರ್ಷದಿಂದ ಅದೇ ಜಾಗ, ಅದೇ ಉರಿ. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷ ಮೊದಲ ಸಲ ಬಿಸಿ ಬೆಲ್ಲ ಕೊಟ್ಟವನೂ ಅವನೇ.

"ಬಾ ಆಸಮ್ಮ, ಎಳ್ಳು ನೀನು ಕೊಡು, ಬೆಲ್ಲ ನಾನು ಕೊಡ್ತೀನಿ" ಎಂದು ಬಾಳೆ ಎಲೆಯ ಚೂರಿನಲ್ಲಿ ಹಾಕಿಕೊಟ್ಟ. ಮುಂಗೈ ಮೂಳೆ ಎದ್ದು ಕಾಣುತ್ತಿತ್ತು.

"ಏನ್ ದ್ಯಾವಣ್ಣ, ಇಂಗ್ ಒಣಗೋಗಿದ್ದೀಯ?"

"ಒಲೆ ಮುಂದೆ ಕೂತೋನು ಒಣಗ್ದೆ ಇನ್ನೇನ್ ನೆನೀತಾನಾ?" ಎಂದು ನಕ್ಕ. ನಗುತ್ತ ನಗುತ್ತ ಕೆಮ್ಮು ಹತ್ತಿಕೊಂಡಿತು, ಬೇಗ ಬಿಡಲಿಲ್ಲ. ಟವೆಲಿನಿಂದ ಬಾಯಿ ಒರೆಸಿಕೊಂಡು, "ಒಗೆ ಕಣವ್ವ, ಒಗೆ" ಎಂದ.

ಹೊಗೆಯೇ. ನನಗೂ ಎರಡು ಸಲ ಕೆಮ್ಮು ಬಂತು. ಬೆಲ್ಲ ಮಾತ್ರ ಬಹಳ ಚೆನ್ನಾಗಿತ್ತು. ಹಬ್ಬ ಸುಖವಾಗಿ ಆಯಿತು.

ಜನವರಿ 21, ಬುಧವಾರ

ಬೆಳಿಗ್ಗೆ ಎಂಟಕ್ಕೆ ದ್ಯಾವಯ್ಯನ ಸೊಸೆ ಪೂಜ ಒಂಬತ್ತು ತಿಂಗಳ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿಬಂದಳು. "ಆಸಮ್ಮೋ, ನಮ್ ಮಾವ ರಕ್ತ ಉಗೀತಾವ್ರೆ!"

ಶಶಿಯ ಆಟೋ ಹಿಡಿದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿನ ಡಾಕ್ಟರು ಅರ್ಪಿತ ಮೇಡಂ, ನಾಗಮಂಗಲದ ಕಡೆಯ ಹುಡುಗಿ, ಬಂದು ಏಳೇ ತಿಂಗಳು. ಎದೆಗೆ ಕೊಳವೆ ಇಟ್ಟು ಎರಡು ನಿಮಿಷ ಕೇಳಿದರು. ಮುಖ ಚಿಕ್ಕದಾಯಿತು. ತಾವೇ ಫೋನು ಮಾಡಿ ಪಾಂಡವಪುರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಎಕ್ಸ್‌ರೇ ಆಯಿತು, ಕಫ ತೆಗೆದುಕೊಂಡರು, ಅವನನ್ನು ಅಲ್ಲೇ ಇರಿಸಿಕೊಂಡರು.

ಹೋಗುವಾಗ ಆಟೋದಲ್ಲಿ ಅವನ ತಲೆ ನನ್ನ ಭುಜಕ್ಕೆ ತಾಗುತ್ತಿತ್ತು. ಮನೆಗೆ ಬಂದವಳೇ ರಿಜಿಸ್ಟರು ತೆಗೆದು ನೋಡಿದೆ. ಮನೆ ನಂಬರು ತೊಂಬತ್ತೇಳು. ದ್ಯಾವಯ್ಯ, ಐವತ್ತೆಂಟು ವರ್ಷ, ಇಲ್ಲ.

ಜನವರಿ 23, ಶುಕ್ರವಾರ

ಕ್ಷಯವೇ. ಆರು ತಿಂಗಳ ಮಾತ್ರೆ.

ಆಸ್ಪತ್ರೆಗೆ ಹೋದಾಗ ಅವನು ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ. ಆ ಇಡ್ಲಿ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತೇಹೋಗುತ್ತಾನೆ ಅಂತ ಎರಡು ದಿನ ನಾನು ಅನ್ನ ಬಿಟ್ಟಿದ್ದರೆ ಇವನು ಚಟ್ನಿ ಕೇಳುತ್ತಿದ್ದಾನೆ.

"ಯಾಕ್ ದ್ಯಾವಣ್ಣ ಸುಳ್ಳೇಳ್ದೆ? ನಿಮ್ಮನೆ ಬಾಗ್ಲಲ್ಲಿ ನಿಂತ್ಕಂಡು ಕೇಳ್ಲಿಲ್ವಾ ನಾನು, ಕೆಮ್ಮದಾ ಅಂತ?"

"ಸುಳ್ಳೆಲ್ ಏಳ್ದೆ? ನೀನು ಕೆಮ್ಮ ಕೇಳ್ದೆ. ನಂಗೆ ಕೆಮ್ಮೆಲ್ಲದೆ? ನಂಗಿರೋದು ಗೂರಲು."

"ಎರಡೂ ಒಂದೇ ಅಲ್ವಾ!"

"ಎಂಗೊಂದಾಯ್ತದೆ? ಕೆಮ್ಮು ಅಂದ್ರೆ ನೆಗಡಿ ಜೊತೇಲಿ ಬಂದು ಅದ್ರ ಜೊತೇಲೇ ಓಗೋದು. ಗೂರಲು ಆಲೆಮನೇರ್ದು. ಬಂದ್ರೆ ಓಗಕಿಲ್ಲ. ಅದು ಕಾಯ್ಲೆ ಅಲ್ಲ ಕಣವ್ವ, ಕಸುಬು." ಇಡ್ಲಿ ಪಕ್ಕಕ್ಕಿಟ್ಟು ಮೆಲ್ಲಗೆ ಹೇಳಿದ: "ನೀನು ಓಟ್ ಕೇಳಕ್ ಬಂದೋರಂಗೆ ತಮ್ಮ ಮನೆಯಲ್ಲಿ, ಇದೆಯೇ, ಅಂದೆ. ಇಲ್ಲ ಅಂದು ಕಳಿಸ್ಬುಟ್ಟೆ. ಗೂರಲು ಅದಾ ದ್ಯಾವಣ್ಣ ಅಂದಿದ್ರೆ ಊಂ ಅಂತಿದ್ದೆ."

ರೋಗಿಯನ್ನು ನೋಡಲು ಬಂದಿದ್ದ ಅರ್ಪಿತ ಮೇಡಂ ಬಾಗಿಲ ಹತ್ತಿರವೇ ನಿಂತಿದ್ದರು. ಕೋಟಿನ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡರು. ನನ್ನ ಮೇಲೆ ದೂರು ಬರೆದರೋ ಏನೋ.

ಜನವರಿ 24, ಶನಿವಾರ

ಹೋದ ವರ್ಷ ಯುಗಾದಿಗೆ ಮುಂಚೆ ಸತ್ತ ಚಿಕ್ಕಸಿದ್ದಯ್ಯನೂ ಆಲೆಮನೆಯವನೇ. ಅವನಿಗೂ ಗೂರಲು ಎಂದೇ ಹೇಳುತ್ತಿದ್ದರು. ಹಳೆಯ ರಿಜಿಸ್ಟರು ತೆಗೆದೆ. ಅವನ ಮುಂದೆಯೂ "ಇಲ್ಲ" ಎಂದಿದೆ, ನನ್ನದೇ ದುಂಡು ಅಕ್ಷರದಲ್ಲಿ.

ಜನವರಿ 26, ಸೋಮವಾರ

ಬಾವುಟ ಹಾರಿಸಿ ಮಕ್ಕಳಿಗೆ ಲಾಡು ಹಂಚಿದ ಮೇಲೆ ಭಾವ ಆಫೀಸಿನೊಳಗೆ ಕರೆದರು. ಕುರ್ಚಿ ತೋರಿಸಿದರು. ಯಾವತ್ತೂ ಕೂರು ಎನ್ನದವರು!

"ದ್ಯಾವಯ್ಯನ ಇಸ್ಯ ಕೇಳ್ದೆ. ಪಾಪ. ಔಸ್ದಿ ಕೊಡ್ಸನ, ಯಾರ್ ಬೇಡ ಅಂದ್ರು? ಆದ್ರೆ ಅವ್ನ್ ಮಗಳು ಕಿರಂಗೂರಲ್ಲವ್ಳಲ್ಲ, ಅಲ್ಲಿನ್ ಅಡ್ರೆಸ್ ಬರ್ಸ್ಬುಡು. ಅವನ್ಗೂ ಮಾತ್ರೆ ಸಿಕ್ತದೆ, ನಮ್ಗೂ ಸೊನ್ನೆ ಉಳೀತದೆ."

"ಅದೆಂಗ್ ಭಾವ?"

"ನಿನ್ ಮರ್ವಾದೆನೂ ಅದ್ರಲ್ಲದೆ ಪಾರ್ವತಿ. ಮನೆಮನೆ ತಿರುಗ್ದೋಳು ನೀನು. ಕಾಣ್ದೆ ಓಯ್ತಾ ಅಂತ ನಾಳೆ ಕೇಳೋದು ನನ್ನಲ್ಲ, ನಿನ್ನ."

ನೋಡ್ತೀನಿ ಎಂದು ಎದ್ದು ಬಂದೆ. ದಾರಿಯಲ್ಲಿ ಯೋಚಿಸಿದರೆ ಭಾವ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಮಗಳ ಮನೆ ಅವನ ಮನೆಯೇ ಅಲ್ಲವೇ? ಶ್ರೀರಂಗಪಟ್ಟಣದ ಆಸ್ಪತ್ರೆಯೂ ಹತ್ತಿರ. ಹದಿನೈದು ವರ್ಷ ಬಿಸಿಲಲ್ಲಿ ತಿರುಗಿ ಕಟ್ಟಿಕೊಂಡ ಹೆಸರು ಒಂದು ಸಾಲಿಗೆ ಹೋಗಬೇಕೇ? ನಾಳೆ ದ್ಯಾವಯ್ಯನನ್ನೇ ಕೇಳಿದರಾಯಿತು.

ಜನವರಿ 27, ಮಂಗಳವಾರ

ಅವನನ್ನು ನಿನ್ನೆ ಮನೆಗೆ ಕಳಿಸಿದ್ದಾರೆ. ಜಗಲಿಯ ಬಿಸಿಲಿನಲ್ಲಿ ಕೂತಿದ್ದ. ಕೂಸು ಅವನತ್ತ ಅಂಬೆಗಾಲಿಕ್ಕಿಕೊಂಡು ಬರುತ್ತಿತ್ತು, ಪೂಜ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಕಿರಂಗೂರಿನ ಮಾತು ತೆಗೆದೆ. ವಿಳಾಸ ಮಾತ್ರ ದ್ಯಾವಣ್ಣ, ಬರವಣಿಗೆಗೆ ಅಷ್ಟೇ, ಎಂದೆ.

ಕೂಸಿನಿಂದ ಕಣ್ಣು ತೆಗೆದು ನನ್ನತ್ತ ತಿರುಗಿದ. ಆಮೇಲೆ ಕೇಳಿದ: "ಯಾಕವ್ವ, ನಾನ್ ಈ ಊರೋನಲ್ವಾ?"

ತೆರೆದಿದ್ದ ರಿಜಿಸ್ಟರನ್ನು ಮಡಿಲಿಗೆ ಎಳೆದುಕೊಂಡೆ.

"ಈ ಊರ್ ಬೆಲ್ಲಕ್ಕೆಲ್ಲ ಉರಿ ಆಕ್ದೋನು ನಾನು. ಸತ್ರೂ ಬದುಕುದ್ರೂ ನನ್ನ ಈ ಊರ್ ಲೆಕ್ಕಕ್ಕೇ ಬರ್ಕೋ. ಕಿರಂಗೂರೋರ್ಗೆ ನಾನೇನ್ ಆಗ್ಬೇಕು?"

ಅಲ್ಲೇ ಅವನ ಮುಂದೆಯೇ ಅತ್ತುಬಿಟ್ಟೆ. ಹದಿನೈದು ವರ್ಷದಲ್ಲಿ ಯಾರ ಬಾಗಿಲಲ್ಲೂ ಅತ್ತವಳಲ್ಲ. ಅಡ್ರೆಸ್ಸಂತೆ ಅಡ್ರೆಸ್ಸು! ನನ್ನ ಕಣ್ಣೆದುರು ಮೂಳೆ ಚಕ್ಕಳವಾಗಿ ಕೂತಿರುವ ಮನುಷ್ಯನನ್ನು ಪಕ್ಕದ ತಾಲ್ಲೂಕಿಗೆ ಸಾಗಹಾಕಲು ಹೊರಟಿದ್ದೆನಲ್ಲ. ಪೆನ್ನು ತೆಗೆದು ಮನೆ ನಂಬರು ತೊಂಬತ್ತೇಳು, ಹೊಂಗೆಕೊಪ್ಪಲು ಎಂದು ಬರೆದು ಅವನಿಗೆ ಓದಿ ಹೇಳಿದೆ.

"ಈಗ ಸರೋಯ್ತು" ಎಂದ.

ಫೆಬ್ರವರಿ 2, ಸೋಮವಾರ

ಮೇಡಂ ಹತ್ತಿರ ಹೋಗಿ ನೆಟ್ಟಗೆ ಹೇಳಿಬಿಟ್ಟೆ. ನನ್ನ ಸಮೀಕ್ಷೆ ಸರಿಯಿಲ್ಲ, ಮತ್ತೆ ಕೇಳಬೇಕು, ಈ ಸಲ ನನ್ನ ಬಾಯಲ್ಲೇ ಕೇಳಬೇಕು, ಏನು ಮಾಡ್ತೀರೋ ಮಾಡಿ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಹೋಗಿ ಕಫದ ಡಬ್ಬಿಗಳ ಪೆಟ್ಟಿಗೆಯನ್ನೇ ತಂದು ನನ್ನ ಮುಂದಿಟ್ಟರು.

"ಪಾರ್ವತಮ್ಮೋರೆ, ದೊಡ್ಡಾಸ್ಪತ್ರೆ ನಮ್ಮಂಥ ಕಡೆ ಎಲ್ಲ ಊರಿಗೂ ಕಟ್ಟಕಾಗಲ್ಲ. ಪಾಂಡವಪುರದಲ್ಲಿ ಯಂತ್ರ ಇದೆ, ಮಾತ್ರೆ ಇದೆ. ಆದರೆ ಆ ಯಂತ್ರ ನಿಮ್ಮೂರಿಗೆ ಬಂದು ಬಾಗಿಲು ತಟ್ಟಲ್ಲ. ತಟ್ಟೋರು ನೀವು ಒಬ್ಬರೇ."

ಅಬ್ಬಾ, ಎಂಬಿಬಿಎಸ್ ಓದಿದವರ ಬಾಯಲ್ಲಿ ಇಂಥ ಮಾತು ಕೇಳಿ ನನಗೆ ಎರಡು ಮೊಳ ಉದ್ದ ಬೆಳೆದ ಹಾಗಾಯಿತು.

ಸಂಜೆ ನಮ್ಮ ಜಗಲಿಯಿಂದಲೇ ಶುರು ಮಾಡಿದೆ. ಹೆಂಗಸರೆಲ್ಲ ಅವರೆಕಾಯಿ ಸುಲಿಯುತ್ತ ಕೂತಿದ್ದರು. "ಯಾರ್ಗ್ ಗೂರಲು ಅದೆ, ಏಳ್ರವ್ವ" ಎಂದೆ. ಎಂಟು ಜನ ತಲೆ ಎತ್ತಿದರು! ಎಂಟು ಜನ! ಡಿಸೆಂಬರಿನಲ್ಲಿ ಇದೇ ಎಂಟು ಜನ ನನ್ನ ಮುಖ ನೋಡಿ ಇಲ್ಲ ಎಂದವರು.

ಡಬ್ಬಿ ಕಂಡ ಕೂಡಲೇ ಎಲ್ಲರೂ ಮೂಗು ಮುಚ್ಚಿಕೊಂಡರು. ಎಂಜಲು ಉಗಿದು ಕೊಡಬೇಕಂತೆ ಎಂದು ಒಬ್ಬಳು ನಕ್ಕಳು. ಆಗ ನಮ್ಮತ್ತೆ ಚಿಕ್ಕಬೋರಮ್ಮ ಅವರೆಕಾಯಿಯ ಮೊರ ಪಕ್ಕಕ್ಕೆ ತಳ್ಳಿ ಎದ್ದರು.

"ಇಲ್ಲಿ ಕೊಡೇ. ಎಪ್ಪತ್ತೊಂದು ವರ್ಸ ಸುಮ್ನೆ ಉಗ್ದಿದ್ದೀನಿ, ಒಂದ್ಸಲ ಸರ್ಕಾರಕ್ಕೂ ಉಗೀತೀನಿ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಅತ್ತೆ ಹಿತ್ತಲಿಗೆ ಹೋಗಿ, ನಾನು ಹೇಳಿಕೊಟ್ಟಂತೆ ಎದೆಯಾಳದಿಂದ ತೆಗೆದು, ಮುಚ್ಚಳ ಬಿಗಿಮಾಡಿ ತಂದುಕೊಟ್ಟರು. ಅದರ ಹಿಂದೆಯೇ ಆರು ಕೈ ಮುಂದೆ ಬಂದವು. ಎಷ್ಟು ಸಲ ಜಗಳವಾಡಿದ್ದೇನೆ ಈ ಹೆಂಗಸಿನ ಜೊತೆ! ಇವತ್ತು ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ, ಬಿಸಿನೀರು ಕಾಯಿಸಿಕೊಟ್ಟೆ.

ಫೆಬ್ರವರಿ 4, ಬುಧವಾರ

ಬೀರಮ್ಮನ ಮನೆಯನ್ನು ಎರಡು ದಿನ ದಾಟಿಕೊಂಡು ಹೋಗಿದ್ದೆ. ಚಿಕ್ಕಸಿದ್ದಯ್ಯನ ಹೆಂಡತಿ. ಇವತ್ತು ಹೋದೆ.

ಅವಳಿಗೆ ಎಲ್ಲ ಗೊತ್ತಾಗಿದೆ. ಬಾಗಿಲಿಗೆ ಬಂದವಳು ಒಳಗೆ ಕರೆಯಲಿಲ್ಲ.

"ನಮ್ಮೆಜಮಾನ್ರಿಗೂ ಅದೇ ಆಗಿತ್ತಾ?"

"ಗೊತ್ತಿಲ್ಲ ಕಣಕ್ಕ. ಇದ್ರೂ ಇರ್ಬೋದು. ನಾನ್ ಸರ್ಯಾಗಿ ಕೇಳ್ಲಿಲ್ಲ."

ಬೈಯಲಿ, ಬಾಗಿಲು ಹಾಕಲಿ, ಏನಾದರೂ ಮಾಡಲಿ ಎಂದು ನಿಂತಿದ್ದೆ. ನನ್ನನ್ನೇ ನೋಡುತ್ತಿದ್ದಳು. ಗಂಡನ ಪಟ ಅವಳ ಹಿಂದೆ ಗೋಡೆಯ ಮೇಲಿತ್ತು, ಹಾರ ಒಣಗಿತ್ತು.

"ನೀನ್ ಇಷ್ಟು ಒಪ್ಕಂಡ್ಯಲ್ಲ" ಎಂದಳು. ಆಮೇಲೆ ಕೈ ಚಾಚಿದಳು. "ತತ್ತಾ ಆ ಡಬ್ಬಿಯ. ನಂಗೂ ಮಾರ್ನವಮಿಯಿಂದ ಗೂರಲು."

ಫೆಬ್ರವರಿ 11, ಬುಧವಾರ

ಮೂವತ್ತಮೂರು ಡಬ್ಬಿ ಹೋಗಿದ್ದವು. ಮೂರರಲ್ಲಿ ಬಂದಿದೆ: ಬೀರಮ್ಮ, ಕಬ್ಬಿನ ಟ್ರಾಕ್ಟರು ಓಡಿಸುವ ರಾಹುಲ್, ಗಾಣಕ್ಕೆ ಕಬ್ಬು ಕೊಡುವ ಬೈರಮ್ಮ. ದ್ಯಾವಯ್ಯನನ್ನು ಸೇರಿಸಿ ನಾಲ್ಕು. ಮೂರೂ ಜನರಿಗೆ ಈಗಷ್ಟೇ ಶುರು, ಎದೆ ಇನ್ನೂ ಹಾಳಾಗಿಲ್ಲ ಎಂದರು ಮೇಡಂ. ಪೂಜಳ ಕೂಸಿಗೆ ಏನೂ ಬಂದಿಲ್ಲ, ಬಾರದ ಹಾಗೆ ಔಷಧಿ ಕೊಟ್ಟಿದ್ದಾರೆ.

ಅತ್ತೆಗೆ ಕ್ಷಯವಿಲ್ಲ. ಅವರದು ನಿಜವಾದ ಗೂರಲು. ಎಳೆದುಕೊಳ್ಳುವ ಪಂಪು ಕೊಟ್ಟಿದ್ದಾರೆ. "ನಾ ಏಳಿರ್ಲಿಲ್ವಾ, ನಂದು ಅಪ್ಪಟ ಗೂರಲು ಅಂತ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಾರೆ.

ನಾಲ್ಕು ಜನರನ್ನು ಹುಡುಕಿದೆ. ನಾನು!

ಫೆಬ್ರವರಿ 12, ಗುರುವಾರ

ಭಾವ ಮನೆಗೇ ಬಂದರು. ಅತ್ತೆ ಕೊಟ್ಟ ಕಾಫಿಯನ್ನೂ ಮುಟ್ಟಲಿಲ್ಲ.

"ಏನ್ ಕಿತ್ತಾಕ್ದೆ ಈಗ? ಮೂರ್ ವರ್ಸ ಮಾಡಿದ್ದ ಎಲ್ಲ ನೀರ್ಗೆ ಓಯ್ತು. ಜಿಲ್ಲೆಗೆಲ್ಲ ನಮ್ಮೂರು ರೋಗಿಷ್ಟ್ ಊರು ಅಂತ ಮಾಡ್ಬುಟ್ಟೆ!"

"ಭಾವ, ರೋಗ ಮೊದ್ಲೂ ಇತ್ತು. ಈಗ ಮಾತ್ರೆನೂ ಅದೆ."

"ಆ ಗೂಡಲ್ಲಿ ಜಾಗ ಬುಟ್ಟಿದ್ದೀನಲ್ಲ, ಅಲ್ಲಿ ಏನಿಡ್ಲಿ?"

ನನಗೆ ರೇಗಿಹೋಯಿತು. ಭಾವ ಎನ್ನುವುದನ್ನೂ ಮರೆತೆ. "ಚಿಕ್ಕಸಿದ್ದಣ್ಣನ್ ಫೋಟೋ ಇಡಿ! ಎರಡು ಪ್ರತಿಮೆ ಇಸ್ಕಂಡ್ ಬಂದ್ವಲ್ಲ, ಆಗ್ಲೂ ಅವ್ರು ಗೂರಾಡ್ತಾನೇ ಇದ್ರು. ನಿಮ್ ಸೊನ್ನೇಲೂ ನನ್ ಸೊನ್ನೇಲೂ ಅವ್ರಿದ್ರು."

ಅತ್ತೆ ಒಲೆಯ ಮುಂದಿನಿಂದಲೇ ಕೂಗಿದರು: "ಧರ್ಮ, ಕಾಪಿ ಕುಡೀಲಾ, ಆರೋಯ್ತದೆ."

ಭಾವ ಕುಡಿದರು. ಲೋಟ ಕೆಳಗಿಟ್ಟು ಎದ್ದುಹೋದರು.

ಮಾರ್ಚ್ 8, ಭಾನುವಾರ

ಬರೆಯಲು ಹೊತ್ತೇ ಸಿಕ್ಕಿಲ್ಲ. ಬೆಳಿಗ್ಗೆ ನಾಲ್ಕು ಮನೆ. ನುಂಗು, ಬಾಯಿ ತೆಗೆ, ನಾಲಿಗೆ ಎತ್ತು. ದ್ಯಾವಯ್ಯ ನಿನ್ನೆ "ಈಗ ಚೆನ್ನಾಗಿದ್ದೀನಿ, ಸಾಕ್ ಬುಡು" ಎಂದ. ಸಾಕಾ? ಜನ್ಮ ಜಾಲಾಡಿಬಿಟ್ಟೆ. ಕೂಸನ್ನು ಎತ್ತಿಕೊಳ್ಳಬೇಕೋ ಬೇಡವೋ ಎಂದು ಕೇಳಿದ್ದಕ್ಕೆ ಬಾಯಿ ತೆಗೆದು ನುಂಗಿದ.

ರಾಹುಲನ ಮನೆಗೆ ಯಾರೋ ಮೊಟ್ಟೆ, ಕಾಳು, ಬೆಲ್ಲದ ಚೀಲ ಇಟ್ಟು ಹೋಗಿದ್ದರು. ಬೀರಮ್ಮನ ಮನೆಗೂ. ಯಾರು ಎಂದು ಆಟೋದ ಶಶಿಯನ್ನು ಕೇಳಿದರೆ, "ನಾನ್ ಏಳಕಿಲ್ಲ, ಅಧ್ಯಕ್ಸರು ಬೈತಾರೆ" ಎಂದ.

ಮಾರ್ಚ್ 24, ಮಂಗಳವಾರ

ಪಾಂಡವಪುರದಲ್ಲಿ ಕ್ಷಯ ದಿನಾಚರಣೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಆಶಾಗಳೂ ಬಂದಿದ್ದರು. ಸಭಾಂಗಣದ ತುಂಬ ನಮ್ಮದೇ ಗುಲಾಬಿ ಸೀರೆ. ಬೇರೆ ಪಂಚಾಯಿತಿಗಳ ಅಧ್ಯಕ್ಷರು ಒಬ್ಬೊಬ್ಬರಾಗಿ ಗಾಂಧಿ ಪ್ರತಿಮೆ ತೆಗೆದುಕೊಂಡರು. ನಮ್ಮ ಹೆಸರು ಬರಲಿಲ್ಲ. ಭಾವ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ನನಗೂ ಆ ಪ್ರತಿಮೆ ಬೇಕಿತ್ತು, ಸುಳ್ಳು ಯಾಕೆ ಬರೆಯಲಿ.

ಅಷ್ಟರಲ್ಲಿ ಅರ್ಪಿತ ಮೇಡಂ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಎರಡು ಮಾತು ಹೇಳಬೇಕಂತೆ! "ಮಾನ್ಯ ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಶುರು ಮಾಡಿದೆ, ಮುಂದೆ ಬರಲೇ ಇಲ್ಲ. ಮೊದಲ ಸಾಲಿನಲ್ಲಿ ಒಬ್ಬಳು ಆಶಾ ನನ್ನನ್ನೇ ನೋಡುತ್ತಿದ್ದಳು, ಅವಳಿಗೆ ಹೇಳಿದೆ.

"ನೋಡ್ ಕಣಕ್ಕ, ನಾನು ಕೆಮ್ಮದಾ ಅಂತ ಕೇಳ್ದೆ. ಅವ್ರು ಇಲ್ಲ ಅಂದ್ರು. ಅವ್ರಿಗಿದ್ದಿದ್ದು ಗೂರಲು."

ಸಭೆಯಲ್ಲಿ ಗುಜುಗುಜು ಎದ್ದಿತು. ಅವಳು ಎದ್ದು ನಿಂತೇಬಿಟ್ಟಳು. "ನಮ್ ಕಿಕ್ಕೇರಿ ಕಡೆನೂವೆ ಅಂಗೇ ಅನ್ನೋದು! ನಾನೂ ಕೆಮ್ಮು ಅಂತ್ಲೇ ಕೇಳ್ಕಂಡ್ ಬಂದಿವ್ನಿ!" ಬೆಳ್ಳೂರಿನ ಕಡೆಯವಳೊಬ್ಬಳು, "ನಮ್ಮೂರಲ್ಲಿ ದಮ್ಮು ಅಂತಾರೆ, ಅದನ್ನೂ ಸೇರ್ಸಿ" ಎಂದಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಲು ಹಿಡಿದರು, ಮೈಕಿನವನು ಮೈಕು ಬಿಟ್ಟು ನಿಂತ. ಜಿಲ್ಲೆಯಿಂದ ಬಂದಿದ್ದ ಅಧಿಕಾರಿಯೊಬ್ಬರು ಮೇಡಂ ಹತ್ತಿರ ಬಗ್ಗಿ ಏನೋ ಕೇಳಿದರು. ಮೇಡಂ ಕೋಟಿನ ಜೇಬಿನಿಂದ ಆ ಪುಟ್ಟ ಪುಸ್ತಕ ತೆಗೆದು ತೋರಿಸಿದರು. ಆವತ್ತು ಬರೆದುಕೊಂಡಿದ್ದು ನನ್ನ ಮೇಲಿನ ದೂರಲ್ಲ, ಆ ಒಂದು ಪದ.

ಮಾತು ಮುಗಿಸಿ ಇಳಿದಾಗ ಹಿಂದಿನ ಸಾಲಿನಲ್ಲಿ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದವರು ಯಾರೆಂದು ನೋಡಿದೆ. ಭಾವ!

ಜುಲೈ 24, ಶುಕ್ರವಾರ

ದ್ಯಾವಯ್ಯನ ಮಾತ್ರೆ ಮುಗಿಯಿತು. ಕಫದಲ್ಲಿ ಏನೂ ಇಲ್ಲ. ಜನವರಿಯಲ್ಲಿ ಮೂವತ್ತೊಂಬತ್ತು ಕಿಲೋ ಇದ್ದವನು ಈಗ ಐವತ್ತೊಂದು. ಆಲೆಮನೆಯಲ್ಲಿ ಒಲೆ ಮುಂದೆ ಕೂರಿಸಬಾರದು ಎಂದು ಮಾಲೀಕನಿಗೆ ಹೇಳಿದ್ದೇನೆ, ಇನ್ನು ಮೇಲೆ ಬೆಲ್ಲ ಅಚ್ಚಿಗೆ ಹೊಯ್ಯುವ ಕೆಲಸ.

ಹೊಸ ಅಚ್ಚಿನ ಮೊದಲ ಬೆಲ್ಲವನ್ನು ಅವನೇ ಪಂಚಾಯಿತಿ ಆಫೀಸಿಗೆ ಕೊಟ್ಟುಬಂದನಂತೆ. ಗೂಡಿನಲ್ಲಿ ಇಡಬಹುದು ಎಂದುಕೊಂಡೆ. ಹೋಗಿ ನೋಡಿದರೆ ಭಾವ ಅಲ್ಲಿ ಕಾಫಿಯ ಫ್ಲಾಸ್ಕು ಇಟ್ಟಿದ್ದಾರೆ. ಬೆಲ್ಲ ಎಲ್ಲಿ ಎಂದರೆ, "ತಿಂದ್ಬುಟ್ವಿ" ಎಂದರು.

ಆಗಸ್ಟ್ 3, ಸೋಮವಾರ

ಈ ಸಲದ ಸಮೀಕ್ಷೆಯ ಹಾಳೆ ಬಂತು. ಮೇಡಂ ಕಟ್ಟು ಬಿಚ್ಚದೆ ನನ್ನ ಕೈಗೇ ಕೊಟ್ಟು, "ನೀವೇ ತೆಗೆದು ನೋಡಿ" ಎಂದರು. ತೆಗೆದೆ. ಮೂರನೆಯ ಪ್ರಶ್ನೆ. ಕಣ್ಣು ಉಜ್ಜಿಕೊಂಡು ಇನ್ನೊಂದು ಸಲ ಓದಿದೆ.

"ಮನೇಲಿ ಯಾರ್ಗಾದ್ರೂ ಎರಡು ವಾರದಿಂದ ಕೆಮ್ಮು, ಗೂರಲು ಅಥವಾ ದಮ್ಮು ಇದೆಯಾ?"

ಅಚ್ಚಾಗಿದೆ! ನಾಲ್ಕು ತಾಲ್ಲೂಕಿಗೂ ಇದೇ ಹಾಳೆ. ಕಿಕ್ಕೇರಿಯವಳೂ ಇದನ್ನೇ ಕೇಳುತ್ತಾಳೆ, ಬೆಳ್ಳೂರಿನವಳೂ ಇದನ್ನೇ ಕೇಳುತ್ತಾಳೆ, ಕಿರಂಗೂರಿನಲ್ಲೂ ಇದನ್ನೇ ಕೇಳುತ್ತಾರೆ. ಮೇಲಿಂದ ನಮ್ಮೂರಿಗೆ ಎಷ್ಟೋ ಹಾಳೆ ಬಂದಿವೆ. ನಮ್ಮ ಆಲೆಮನೆಯಿಂದ ಮೇಲಕ್ಕೆ ಹೋದ ಮಾತು ಇದೊಂದೇ ಇರಬೇಕು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ತೋರಿಸಿದೆ. ಹುಚ್ಚಿ ಅಂದುಕೊಂಡಿರಬೇಕು, ಅಂದುಕೊಳ್ಳಲಿ.

ಅತ್ತೆಗೆ ಗೂರಲು ಈಗ ಎಷ್ಟೋ ವಾಸಿ. ಜಗಲಿಯ ಮೇಲೆ ಕೂತಿದ್ದರು. ಓದು ಬರದ ಅವರ ಬೆರಳನ್ನು ಹಿಡಿದು ಆ ಪದದ ಮೇಲೆ ಇಟ್ಟೆ. "ಅತ್ತೆ, ಇದು ಗೂ, ಇದು ರ, ಇದು ಲು."

ಹಾಳೆಯನ್ನು ಕಣ್ಣಿನ ಹತ್ತಿರ ತಂದು ನೋಡಿದರು. "ನಮ್ಮವ್ವ ಅಂತಿದ್ದಿದ್ದೇಯಾ?"

"ಅದೇಯಾ."

"ಮೂರಕ್ಸರ ಬರೆಯಕ್ಕೆ ಸರ್ಕಾರ್ದೋರ್ಗೆ ಈಟ್ ವರ್ಸ ಬೇಕಾಯ್ತಾ?" ಎಂದು ಹಾಳೆ ವಾಪಸು ಕೊಟ್ಟರು. ಆಮೇಲೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಊಂ, ಕೇಳು. ಓದ್ ವರ್ಸ ಊರ್ನೆಲ್ಲ ಕೇಳ್ದೆ, ನನ್ನ ಕೇಳ್ಲಿಲ್ಲ ನೀನು."

ಅವರಿಗೆ ಅದು ಗೊತ್ತಿತ್ತು. ಎಂಟು ತಿಂಗಳು ಬಾಯಿಬಿಟ್ಟಿರಲಿಲ್ಲ.

ಪಕ್ಕದಲ್ಲಿ ಕೂತೆ. ಕೇಳಿದೆ. ಅವರು ಹೇಳಿದರು. ಹೊಸ ಹಾಳೆಯ ಮೊದಲ ಸಾಲು ತುಂಬಿಸಿದೆ: ಚಿಕ್ಕಬೋರಮ್ಮ, ಎಪ್ಪತ್ತೊಂದು ವರ್ಷ, ಹೊಂಗೆಕೊಪ್ಪಲು. ಹೌದು.